ರೇಡಿಯೇಟರ್‌ನ ಕಪ್ಪು ಬಣ್ಣ ತೆಗೆದು ತಾಮ್ರ ಹೊಳೆಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಕಂಪ್ಯೂಟರ್‌ನ ಬಿಸಿ ಹೊತ್ತು ಬರುವ ನೀರನ್ನು ಗಾಳಿಯಿಂದ ತಣ್ಣಗೆ ಮಾಡುವ ಭಾಗ ವಾಟರ್ ಕೂಲಿಂಗ್ ರೇಡಿಯೇಟರ್. ಅದು ಅಂದ ತಕ್ಷಣ ಕಣ್ಣ ಮುಂದೆ ಬರುವುದು ಕಪ್ಪು ಬಣ್ಣ. ಆದರೆ ಒಳ್ಳೆಯ ರೇಡಿಯೇಟರ್‌ನ ಆ ಕಪ್ಪಿನ ಕೆಳಗಿರುವುದು ಬಚ್ಚಲುಮನೆ ಹಂಡೆಯ ತಾಮ್ರ, ದೇವರಮನೆ ದೀಪದ ಹಿತ್ತಾಳೆ. ಅಷ್ಟು ಚೆಂದದ ಲೋಹವನ್ನು ಮುಚ್ಚಿಡುವುದು ನನಗೆ ಯಾವತ್ತೂ ಸರಿ ಅನ್ನಿಸಿಲ್ಲ.

ಶುರುವಿನಲ್ಲಿ ಹೀಗಿರಲೂ ಇಲ್ಲ. 2000ರ ಆಸುಪಾಸಿನಲ್ಲಿ ಕಂಪ್ಯೂಟರ್‌ಗೆ ನೀರು ಹರಿಸಲು ಹೊರಟ ಅಮೆರಿಕದ ಹವ್ಯಾಸಿಗಳು ಕಾರಿನ ಹೀಟರ್ ಕೋರ್‌ಗಳನ್ನು, ಅಂದರೆ ಕಾರಿನ ಒಳಗನ್ನು ಬೆಚ್ಚಗಿಡುವ ಪುಟ್ಟ ರೇಡಿಯೇಟರ್‌ಗಳನ್ನು, ತಂದು ಜೋಡಿಸುತ್ತಿದ್ದರು. 1977ರ ಪಾಂಟಿಯಾಕ್ ಬಾನೆವಿಲ್ ಕಾರಿನ ಹೀಟರ್ ಕೋರ್ ಅಂತೂ ಅವರ ನಡುವೆ ತುಂಬಾ ಹೆಸರುವಾಸಿ. ತಾಮ್ರ, ಹಿತ್ತಾಳೆ, ಬೆಸುಗೆ ಎಲ್ಲವೂ ಅದರಲ್ಲಿ ಕಣ್ಣಿಗೆ ಕಾಣುತ್ತಿದ್ದವು. ಇವತ್ತು ನಾವು ಮಾಡಹೊರಟಿರುವುದು ಆ ನೋಟವನ್ನು ವಾಪಸ್ ತರುವ ಕೆಲಸ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಣ್ಣ ತೆಗೆದರೆ ಕಂಪ್ಯೂಟರ್ ಜಾಸ್ತಿ ತಣ್ಣಗಾಗುತ್ತದಾ ಅಂತ ತುಂಬಾ ಜನ ಕೇಳುತ್ತಾರೆ. ಗೊತ್ತಾಗುವಷ್ಟು ವ್ಯತ್ಯಾಸ ಆಗುವುದಿಲ್ಲ. ಶಾಖಕ್ಕೆ ಕಷ್ಟವಾಗುವುದು ರೇಡಿಯೇಟರ್‌ನ ತೆಳು ತಗಡಿನ ರೆಕ್ಕೆಯಿಂದ ಗಾಳಿಗೆ ದಾಟುವ ಹಂತದಲ್ಲಿ. ಅಷ್ಟು ತೆಳ್ಳಗಿನ ಬಣ್ಣದ ಪದರ ಅದರ ಮುಂದೆ ಲೆಕ್ಕಕ್ಕೇ ಬರುವುದಿಲ್ಲ. ಇದನ್ನು ಅಂದಕ್ಕಾಗಿ ಮಾಡಿ, ತಂಪಿಗಾಗಿ ಬೇಡ.

ಬಣ್ಣದ ಕೆಳಗೆ ಏನಿದೆ

ರೇಡಿಯೇಟರ್‌ನ ಎರಡು ತುದಿಗೆ ಟ್ಯಾಂಕ್‌ಗಳಿರುತ್ತವೆ, ಸಾಮಾನ್ಯವಾಗಿ ಹಿತ್ತಾಳೆಯವು. ಕೆಲವದರಲ್ಲಿ ಇವೂ ತಾಮ್ರವೇ. ನಡುವೆ ಚಪ್ಪಟೆ ಕೊಳವೆಗಳು. ಎರಡು ಕೊಳವೆಗಳ ಮಧ್ಯೆ ಸೀರೆಯ ನೆರಿಗೆಯ ಹಾಗೆ ಮಡಚಿದ ತಾಮ್ರದ ತೆಳು ತಗಡು. ಇವೇ ರೆಕ್ಕೆಗಳು. ಎರಡು ಪಕ್ಕದಲ್ಲಿ ಫ್ಯಾನ್ ಸ್ಕ್ರೂ ಕೂರುವ ಚೌಕಟ್ಟು. ಇದು ಹೆಚ್ಚಾಗಿ ಉಕ್ಕಿನದು.

ಇವನ್ನೆಲ್ಲ ಹಿಡಿದಿಟ್ಟಿರುವುದು ಬೆಸುಗೆ. ಈ ಲೇಖನದಲ್ಲಿ ನಾನು ಬೇಡ ಅಂತ ಹೇಳುವ ಬಹಳಷ್ಟಕ್ಕೆ ಕಾರಣ ಅದೇ. ತವರ ಮತ್ತು ಸೀಸ ಸೇರಿದ ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ಗೇ ಕರಗಲು ಶುರುವಾಗುತ್ತದೆ. ಹೀಟ್ ಗನ್‌ನಿಂದ ಬರುವ ಗಾಳಿ 500 ಡಿಗ್ರಿ ಮುಟ್ಟುತ್ತದೆ. ನನ್ನ ಮೊದಲ ರೇಡಿಯೇಟರ್ ಹೋಗಿದ್ದು ಹೀಗೆಯೇ. ಟ್ಯಾಂಕ್‌ನ ಮೂಲೆಯಲ್ಲಿ ಬಣ್ಣ ಗುಳ್ಳೆ ಎದ್ದಿತು, ಚೆನ್ನಾಗಿ ಬರುತ್ತಿದೆ ಅಂದುಕೊಂಡು ಇನ್ನೊಂದು ಸ್ವಲ್ಪ ಹೊತ್ತು ಗಾಳಿ ಹಿಡಿದೆ. ಸಾಸಿವೆ ಕಾಳಿನಷ್ಟು ದೊಡ್ಡ ಬೆಳ್ಳಿ ಬಣ್ಣದ ಹನಿ ಜೋಡಣೆಯಿಂದ ಹೊರಗೆ ಉರುಳಿ ಬಂತು. ಆಮೇಲೆ ನೀರು ತುಂಬಿಸಿದಾಗ ಅದೇ ಜಾಗದಲ್ಲಿ ಸೋರಿತು.

ಆದ್ದರಿಂದ ಹೀಟ್ ಗನ್ ಬೇಡ, ಗ್ಯಾಸ್ ಟಾರ್ಚ್ ಬೇಡ, ಓವನ್ ಬೇಡ. ಕಟು ಆಸಿಡ್ ಬೇಡ. ಮರಳು ಚಿಮ್ಮಿಸಿ ಬಣ್ಣ ತೆಗೆಯುವ ಅಂಗಡಿಗೆ ಕೊಡಲೂಬೇಡಿ. ರೆಕ್ಕೆಯ ತಗಡು ಕಾಗದದಷ್ಟು ತೆಳ್ಳಗಿರುತ್ತದೆ, ಮರಳಿನ ಹೊಡೆತಕ್ಕೆ ಮುದುರಿ ಮುಚ್ಚಿಹೋಗುತ್ತದೆ.

ನಿಮ್ಮ ಹತ್ತಿರ ಇರುವುದು ತಾಮ್ರದ್ದೇನಾ?

ಇದನ್ನು ಖಚಿತಪಡಿಸಿಕೊಳ್ಳದೆ ಮುಂದೆ ಹೋಗಬೇಡಿ. ಪಂಪ್ ಮತ್ತು ಪೈಪ್ ಸೇರಿಸಿಯೇ ಬರುವ ರೆಡಿಮೇಡ್ ಕೂಲರ್‌ಗಳು, ಅಂದರೆ ಎಐಒಗಳು, ಬಹುಪಾಲು ಅಲ್ಯೂಮಿನಿಯಂ ರೇಡಿಯೇಟರ್‌ನವು. ಅವನ್ನು ಬಿಚ್ಚಿ ದ್ರವ ಖಾಲಿ ಮಾಡಲು ದಾರಿಯೂ ಇರುವುದಿಲ್ಲ. ಅವನ್ನು ಬಿಟ್ಟುಬಿಡಿ. ಬಿಡಿಯಾಗಿ ಕೊಂಡು ನಾವೇ ಜೋಡಿಸುವ ಕಸ್ಟಮ್ ಲೂಪ್ ರೇಡಿಯೇಟರ್‌ಗಳಲ್ಲಿ ಹೆಚ್ಚಾಗಿ ತಾಮ್ರ ಮತ್ತು ಹಿತ್ತಾಳೆ ಇರುತ್ತವೆ. ಫಿಲಿಪೀನ್ಸ್‌ನ ಹಾರ್ಡ್‌ವೇರ್ ಲ್ಯಾಬ್ಸ್, ಜರ್ಮನಿಯ ಆಲ್ಫಾಕೂಲ್ ಮುಂತಾದವರು ಮಾಡುವುದು ಇಂಥವನ್ನೇ.

ಮೂರು ಪರೀಕ್ಷೆ ಸಾಕು. ಮೊದಲನೆಯದು ತೂಕ. ತಾಮ್ರದ ಸಾಂದ್ರತೆ ಅಲ್ಯೂಮಿನಿಯಂನ ಮೂರು ಪಟ್ಟಿಗಿಂತ ಜಾಸ್ತಿ, ಕೈಗೆತ್ತಿಕೊಂಡರೆ ಗೊತ್ತಾಗುತ್ತದೆ. ಎರಡನೆಯದು ಆಯಸ್ಕಾಂತ. ಅದು ಅಂಟಿದ ಜಾಗವೆಲ್ಲ ಉಕ್ಕು. ಅಲ್ಲಿ ಬಣ್ಣ ತೆಗೆದರೆ ತುಕ್ಕು ಬರುತ್ತದೆ, ನೆನಪಿಟ್ಟುಕೊಳ್ಳಿ. ಮೂರನೆಯದು ಗೀರು. ಕೇಸ್‌ನ ಒಳಗೆ ಹೋಗಿ ಮರೆಯಾಗುವ ಮೂಲೆಯಲ್ಲಿ ಬ್ಲೇಡ್‌ನಿಂದ ಅಕ್ಕಿಕಾಳಿನಷ್ಟು ಕೆರೆದು ನೋಡಿ. ಕೆಂಪು ಕಂಡರೆ ತಾಮ್ರ, ಹಳದಿ ಕಂಡರೆ ಹಿತ್ತಾಳೆ. ಬೆಳ್ಳಗೆ ಕಂಡರೆ ಅವಸರ ಬೇಡ, ಅದು ಬೆಸುಗೆಯೂ ಇರಬಹುದು. ಇನ್ನೊಂದು ಕಡೆ ಕೆರೆದು ನೋಡಿ.

ಬಣ್ಣ ತೆಗೆದರೆ ವಾರಂಟಿ ಹೋದಂತೆ. ಆದ್ದರಿಂದ ಹೊಸದಕ್ಕಿಂತ ಸೆಕೆಂಡ್ ಹ್ಯಾಂಡ್ ರೇಡಿಯೇಟರ್ ಹಿಡಿದು ಶುರು ಮಾಡುವುದು ಒಳ್ಳೆಯದು. ಬಣ್ಣ ಕಿತ್ತುಬಂದ ಹಳೆಯ ರೇಡಿಯೇಟರ್ ಅಗ್ಗಕ್ಕೂ ಸಿಗುತ್ತದೆ.

ಎಷ್ಟು ತೆಗೆಯಬೇಕು?

ಇಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಮೊದಲ ಸಲ ಮಾಡುವವರು ಟ್ಯಾಂಕ್‌ಗಳ ಬಣ್ಣ ಮಾತ್ರ ತೆಗೆಯಿರಿ. ರೆಕ್ಕೆ ಮತ್ತು ಚೌಕಟ್ಟು ಕಪ್ಪಗೇ ಇರಲಿ. ಕಪ್ಪಿನ ಎರಡು ಕೊನೆಗೆ ಹೊಳೆಯುವ ಹಿತ್ತಾಳೆ ತುಂಬಾ ಚೆನ್ನಾಗಿ ಕಾಣುತ್ತದೆ, ಕೆಲಸವೂ ಒಂದೇ ದಿನದಲ್ಲಿ ಮುಗಿಯುತ್ತದೆ. ರೆಕ್ಕೆಗಳ ಬಣ್ಣ ತೆಗೆಯುವುದು ಬೇರೆಯದೇ ಕೆಲಸ. ಎರಡು ಮೂರು ದಿನ ಹಿಡಿಯುತ್ತದೆ. ಅಷ್ಟು ಮಾಡಿದರೂ ಒಳಗಿನ ಮಡಿಕೆಗಳಲ್ಲಿ ಕಪ್ಪು ಚುಕ್ಕಿ ಅಲ್ಲಲ್ಲಿ ಉಳಿಯುತ್ತದೆ.

ಇನ್ನೊಂದು ವಿಷಯ. ಬಣ್ಣ ಹೋದ ಮೇಲೆ ಇಡೀ ರೇಡಿಯೇಟರ್ ಹೊಸ ತಾಮ್ರದ ತಂಬಿಗೆಯ ಹಾಗೆ ಕಾಣುವುದಿಲ್ಲ. ಕೊಳವೆಗಳ ಮೇಲೆ ಬೆಸುಗೆಯ ಬೂದು ಬಣ್ಣ ಇರುತ್ತದೆ. ಜೋಡಣೆಗಳಲ್ಲಿ ಫ್ಲಕ್ಸ್, ಅಂದರೆ ಬೆಸುಗೆ ಚೆನ್ನಾಗಿ ಹಿಡಿಯಲೆಂದು ಹಚ್ಚುವ ವಸ್ತು, ಸುಟ್ಟ ಕಂದು ಕಲೆ ಇರುತ್ತದೆ. ಬಣ್ಣ ಹಚ್ಚುವುದೇ ಅವನ್ನು ಮುಚ್ಚಲು ಕೂಡ. ನನಗೆ ಆ ಬೂದು ಗೆರೆ ಇಷ್ಟ. ಕೈಕೆಲಸ ಕಾಣುತ್ತದೆ ಅಲ್ವಾ? ಆದರೆ ನಿಮಗೆ ಎಲ್ಲವೂ ಒಂದೇ ಬಣ್ಣದಲ್ಲಿ ಬೇಕಿದ್ದರೆ ಇದು ನಿಮಗೆ ಸಮಾಧಾನ ಕೊಡುವ ಕೆಲಸ ಅಲ್ಲ.

ಯಾವ ರಿಮೂವರ್?

ಹತ್ತಿಯನ್ನು ಅಸಿಟೋನ್‌ನಲ್ಲಿ ಅದ್ದಿ ಮರೆಯಾದ ಜಾಗದಲ್ಲಿ ಒಂದು ನಿಮಿಷ ಒತ್ತಿ ಹಿಡಿಯಿರಿ. ಹತ್ತಿ ಕಪ್ಪಾದರೆ ಅದು ಮಾಮೂಲಿ ಸ್ಪ್ರೇ ಬಣ್ಣ, ಅಸಿಟೋನ್ ಅಥವಾ ಎನ್‌ಸಿ ಥಿನ್ನರ್‌ನಿಂದಲೇ ಹೋಗುತ್ತದೆ. ಹತ್ತಿ ಬೆಳ್ಳಗೇ ಉಳಿದರೆ ಅದು ಪೌಡರ್ ಕೋಟಿಂಗ್ ಅಥವಾ ಬಿಸಿಯಲ್ಲಿ ಗಟ್ಟಿ ಮಾಡಿದ ಬಣ್ಣ. ಇದಕ್ಕೆ ಪೇಂಟ್ ರಿಮೂವರ್ ಬೇಕು.

ಅಂಗಡಿಯಲ್ಲಿ ಪೇಂಟ್ ರಿಮೂವರ್ ಕೇಳಿದರೆ ಸಿಗುವ ಡಬ್ಬಿಯಲ್ಲಿ ಮೀಥಿಲೀನ್ ಕ್ಲೋರೈಡ್ ಇರಬಹುದು. ಡೈಕ್ಲೋರೋಮೀಥೇನ್ ಅಂತಲೂ ಬರೆದಿರುತ್ತಾರೆ. ಅದು ಹತ್ತೇ ನಿಮಿಷದಲ್ಲಿ ಬಣ್ಣ ಎಬ್ಬಿಸುತ್ತದೆ ನಿಜ. ಆದರೆ 40 ಡಿಗ್ರಿಗೇ ಕುದಿಯುವ ದ್ರವ ಅದು, ಬೇಸಿಗೆಯಲ್ಲಿ ಡಬ್ಬಿ ತೆಗೆದರೆ ಆವಿ ನುಗ್ಗಿ ಬರುತ್ತದೆ. ಆ ಆವಿ ಗಾಳಿಗಿಂತ ಭಾರ, ಮುಚ್ಚಿದ ಕೋಣೆಯಲ್ಲಿ ಕೆಳಗೇ ತುಂಬಿಕೊಳ್ಳುತ್ತದೆ. ದೇಹದೊಳಗೆ ಹೋದರೆ ಕಾರ್ಬನ್ ಮೋನಾಕ್ಸೈಡ್ ಆಗಿ ಬದಲಾಗುತ್ತದೆ. ಬಚ್ಚಲುಮನೆಯಂಥ ಸಣ್ಣ ಜಾಗದಲ್ಲಿ ಇದನ್ನು ಬಳಸಿ ಜನ ಸತ್ತಿದ್ದಾರೆ. ಸಾಮಾನ್ಯ ನೈಟ್ರೈಲ್ ಗ್ಲೌಸ್ ಇದನ್ನು ಕೆಲವೇ ನಿಮಿಷ ಕೂಡ ಸರಿಯಾಗಿ ತಡೆಯುವುದಿಲ್ಲ, ಬಟ್ಟೆಯ ಮಾಸ್ಕ್ ಏನೂ ತಡೆಯುವುದಿಲ್ಲ. ಅಮೆರಿಕದಲ್ಲಿ 2019ರಿಂದ ಇದಿರುವ ಪೇಂಟ್ ರಿಮೂವರ್ ಅನ್ನು ಸಾಮಾನ್ಯ ಗ್ರಾಹಕರಿಗೆ ಮಾರುವಂತಿಲ್ಲ. ದಯವಿಟ್ಟು ಮನೆಗೆ ತರಬೇಡಿ.

ಬೆಂಜೈಲ್ ಆಲ್ಕೋಹಾಲ್ ಇರುವ ರಿಮೂವರ್ ಹುಡುಕಿ. ಆನ್‌ಲೈನ್‌ನಲ್ಲಿ ಹುಡುಕಿದರೆ ಸಿಗುತ್ತದೆ. ಲೇಬಲ್ ಓದಿ, ಆಸಿಡ್ ಸೇರಿಸಿದ್ದು ಬೇಡ. ಇದು ನಿಧಾನ, ಕೆಲವು ಗಂಟೆಗಳೇ ಬೇಕು. ಆದರೆ ಬೆಸುಗೆಗೂ ಮನೆಯವರಿಗೂ ಅಷ್ಟೇ ಕ್ಷೇಮ.

ಕಾಸ್ಟಿಕ್ ಸೋಡಾ? ಯಂತ್ರದ ಭಾಗಗಳ ಬಣ್ಣ ತೆಗೆಯಲು ಗ್ಯಾರೇಜ್‌ಗಳಲ್ಲಿ ಬಳಸುವುದುಂಟು. ರೇಡಿಯೇಟರ್‌ಗೆ ಬೇಡ. ಅದು ತವರವನ್ನೂ ಸೀಸವನ್ನೂ ಮೆಲ್ಲಗೆ ತಿನ್ನುತ್ತದೆ. ಅಲ್ಯೂಮಿನಿಯಂ ಭಾಗ ಏನಾದರೂ ಇದ್ದರೆ ಹೈಡ್ರೋಜನ್ ಉಕ್ಕಿಸಿ ಅದನ್ನು ಕರಗಿಸಿಯೇ ಬಿಡುತ್ತದೆ.

ಬೇಕಾಗುವ ಸಾಮಾನು

ರಿಮೂವರ್, ಅಗಲವಾದ ಸ್ಟೀಲ್ ತಟ್ಟೆ ಅಥವಾ ಟ್ರೇ, ದಪ್ಪ ಪಾಲಿಥಿನ್ ಹಾಳೆ, ಬ್ಯುಟೈಲ್ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ, ಆರ್ಗ್ಯಾನಿಕ್ ವೇಪರ್ ಫಿಲ್ಟರ್ ಇರುವ ಮಾಸ್ಕ್, ಪ್ಲಾಸ್ಟಿಕ್ ಸ್ಕ್ರೇಪರ್, ನಾಲ್ಕೈದು ಹಳೆ ಟೂತ್ ಬ್ರಷ್, ಬಿದಿರು ಕಡ್ಡಿ, ಜಿ 1/4 ಅಳತೆಯ ಸ್ಟಾಪ್ ಪ್ಲಗ್‌ಗಳು, 400ರಿಂದ 2000 ನಂಬರ್ ತನಕದ ವಾಟರ್ ಎಮೆರಿ ಪೇಪರ್, ಲೋಹ ಪಾಲಿಶ್, ಡಿಸ್ಟಿಲ್ಡ್ ವಾಟರ್. ಸ್ಟಾಪ್ ಪ್ಲಗ್ ಹಳೆಯವು ಇರಲಿ. ಅವುಗಳ ರಬ್ಬರ್ ಓ-ರಿಂಗ್ ರಿಮೂವರ್ ತಾಗಿ ಉಬ್ಬಿಕೊಳ್ಳುತ್ತದೆ, ಕೆಲಸ ಮುಗಿದ ಮೇಲೆ ಎಸೆಯಬೇಕು.

ಟ್ಯಾಂಕ್‌ಗಳ ಬಣ್ಣ

ರೇಡಿಯೇಟರ್ ಖಾಲಿ ಮಾಡಿ, ಎಲ್ಲ ಪೋರ್ಟ್‌ಗಳಿಗೂ, ಅಂದರೆ ನೀರು ಒಳಹೊರಗೆ ಹೋಗುವ ತೂತುಗಳಿಗೂ, ಪ್ಲಗ್ ಬಿಗಿಯಿರಿ. ರಿಮೂವರ್ ಒಳಗೆ ಹೋದರೆ ಆಮೇಲೆ ಅದು ನಿಮ್ಮ ಪ್ರೊಸೆಸರ್ ಮೇಲೆ ಕೂರುವ ಅಕ್ರಿಲಿಕ್ ಬ್ಲಾಕ್ ಮತ್ತು ಪೈಪ್‌ಗಳಿಗೆ ಹೋಗಿ ಸೇರುತ್ತದೆ, ಬಿರುಕು ಬಿಡಿಸುತ್ತದೆ. ಕಪ್ಪಾಗಿಯೇ ಉಳಿಯಬೇಕಾದ ಭಾಗವನ್ನು ಅಲ್ಯೂಮಿನಿಯಂ ಫಾಯಿಲ್ ಟೇಪ್‌ನಿಂದ ಮುಚ್ಚಿ. ಮಾಮೂಲಿ ಮಾಸ್ಕಿಂಗ್ ಟೇಪ್ ನೆನೆದು ಬಿಟ್ಟುಕೊಳ್ಳುತ್ತದೆ.

ತಾರಸಿ ಅಥವಾ ಗಾಳಿಯಾಡುವ ಅಂಗಳ ಸರಿಯಾದ ಜಾಗ. ನೆರಳಿರಲಿ, ಬಿಸಿಲಲ್ಲಿ ರಿಮೂವರ್ ಬೇಗ ಒಣಗುತ್ತದೆ. ದಪ್ಪಗೆ ಹಚ್ಚಿ, ಸುಮಾರು ಮೂರು ಮಿಲಿಮೀಟರ್ ಇರಲಿ. ಒಂದೇ ಕಡೆಗೆ ಬ್ರಷ್ ಎಳೆಯಿರಿ, ಮತ್ತೆ ಮತ್ತೆ ತಿಕ್ಕಬೇಡಿ. ಮೇಲೆ ಪಾಲಿಥಿನ್ ಹಾಳೆ ಸುತ್ತಿ ಬಿಡಿ.

ಮೂರ್ನಾಲ್ಕು ಗಂಟೆ ಬಿಟ್ಟು ಒಂದು ಮೂಲೆ ಎತ್ತಿ ನೋಡಿ. ಕುದಿಸಿ ಆರಿಸಿದ ಹಾಲಿನ ಕೆನೆ ಸುಕ್ಕುಗಟ್ಟಿದಂತೆ ಬಣ್ಣ ಎದ್ದಿದ್ದರೆ ಅದು ತಯಾರು. ಎದ್ದಿಲ್ಲ ಅಂದರೆ ರಾತ್ರಿಯಿಡೀ ಬಿಡಿ. ಸುಮ್ನೆ ಕೆರೆಯಲು ಹೋಗಬೇಡಿ. ಚಾಕು ಹಿಡಿದು ಬಲ ಹಾಕಿದರೆ ಹಿತ್ತಾಳೆಯ ಮೇಲೆ ಬೀಳುವ ಗೀರನ್ನು ಅಳಿಸಲು ಎಮೆರಿ ಪೇಪರ್ ಹಿಡಿದು ಒಂದು ಗಂಟೆ ಕೂರಬೇಕಾಗುತ್ತದೆ.

ಎದ್ದ ಬಣ್ಣವನ್ನು ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ತಳ್ಳಿ. ಪೋರ್ಟ್‌ಗಳ ಸುತ್ತ, ಅಕ್ಷರಗಳ ಒಳಗೆ, ಅಂಚಿನ ಸಂದಿಯಲ್ಲಿ ಬಿದಿರು ಕಡ್ಡಿ ಬಳಸಿ. ಎರಡನೇ ಸಲ ತೆಳ್ಳಗೆ ಹಚ್ಚಿ ಅದನ್ನೇ ಮಾಡಿ. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಮತ್ತು ಬೆಚ್ಚಗಿನ ನೀರಿನಲ್ಲಿ ತಿಕ್ಕಿ.

ರೆಕ್ಕೆಗಳು, ಮಾಡಲೇಬೇಕು ಅನ್ನುವವರಿಗೆ

ಜೆಲ್ ರಿಮೂವರ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ನೆರಿಗೆಗಳ ನಡುವೆ ಸಿಕ್ಕಿಕೊಂಡು ಅಲ್ಲೇ ಒಣಗುತ್ತದೆ. ನೀರಿನಂತೆ ಹರಿಯುವಂಥದ್ದು ಬೇಕು. ಟ್ರೇನಲ್ಲಿ ರೇಡಿಯೇಟರ್ ಮಲಗಿಸಿ ರೆಕ್ಕೆಗಳು ಮುಳುಗುವಷ್ಟು ರಿಮೂವರ್ ಹಾಕಿ, ಮುಚ್ಚಿ, ಗಂಟೆಗೊಮ್ಮೆ ಮಗುಚಿ ಹಾಕಿ.

ಬಣ್ಣ ಮೆತ್ತಗಾದ ಮೇಲೆ ಟೂತ್ ಬ್ರಷ್ ಹಿಡಿಯಿರಿ. ರೆಕ್ಕೆಗಳು ನಿಂತಿರುವ ದಿಕ್ಕಿನಲ್ಲೇ ಬ್ರಷ್ ಓಡಬೇಕು. ಅಡ್ಡಕ್ಕೆ ತಿಕ್ಕಿದರೆ ಭತ್ತದ ಪೈರು ಗಾಳಿಗೆ ಮಲಗಿದ ಹಾಗೆ ಸಾಲಾಗಿ ಮಲಗಿಬಿಡುತ್ತವೆ. ತಂತಿ ಬ್ರಷ್ ಹತ್ತಿರವೂ ತರಬೇಡಿ. ಆಮೇಲೆ ಗಾರ್ಡನ್ ಪೈಪ್‌ನ ಸಾಧಾರಣ ರಭಸದ ನೀರನ್ನು ಹಿಂಬದಿಯಿಂದ ನೇರವಾಗಿ ಹಾಯಿಸಿ, ಕೆಳಗೆ ದೊಡ್ಡ ಟಬ್ ಇಟ್ಟು ಆ ನೀರನ್ನು ಹಿಡಿದಿಡಿ. ಕಾರು ತೊಳೆಯುವ ಪ್ರೆಶರ್ ವಾಷರ್ ಬೇಡವೇ ಬೇಡ.

ಬೆಳಕಿಗೆ ಹಿಡಿದು ನೋಡಿ. ಬೆಳಕು ದಾಟದ ಕಡೆ ಬಣ್ಣದ ಸಿಪ್ಪೆ ಕೂತಿರುತ್ತದೆ. ಅದು ಉಳಿದರೆ ಗಾಳಿ ಓಡಾಡುವುದಿಲ್ಲ, ರೇಡಿಯೇಟರ್ ಮೊದಲಿಗಿಂತ ಕೆಟ್ಟದಾಗಿ ಕೆಲಸ ಮಾಡುತ್ತದೆ. ಮತ್ತೆ ನೆನೆಸಿ, ಮತ್ತೆ ಬ್ರಷ್ ಮಾಡಿ. ಮೂರು ಸುತ್ತು ಮಾಮೂಲಿ. ಬಾಗಿದ ರೆಕ್ಕೆಗಳನ್ನು ಚಪ್ಪಟೆ ತುದಿಯ ಚಿಮುಟದಿಂದ ಒಂದೊಂದಾಗಿ ನೆಟ್ಟಗೆ ಮಾಡಿ.

ಅಸಿಟೋನ್ ಅಥವಾ ಥಿನ್ನರ್ ಬಳಸುವವರು ಬೆಂಕಿಯ ಬಗ್ಗೆ ಎಚ್ಚರವಾಗಿರಿ. ಅಸಿಟೋನ್‌ನ ಆವಿ ಸೊನ್ನೆಗಿಂತ ಕೆಳಗಿನ ತಾಪದಲ್ಲೂ ಕಿಡಿಗೆ ಹೊತ್ತಿಕೊಳ್ಳುತ್ತದೆ. ಹತ್ತಿರ ಸ್ವಿಚ್, ಗ್ಯಾಸ್ ಒಲೆ, ಗೀಸರ್, ಬೀಡಿ ಸಿಗರೇಟು ಏನೂ ಇರಬಾರದು. ಟ್ರೇ ತುಂಬ ಸುರಿದು ಇಡುವ ಕೆಲಸ ಇದರಲ್ಲಿ ಬೇಡ. ಬಟ್ಟೆಗೆ ಹಾಕಿ ಒರೆಸಿ.

ಕೆರೆದ ಬಣ್ಣ, ಹಳೆ ರಿಮೂವರ್, ತೊಳೆದ ಮೊದಲ ನೀರು ಇವನ್ನು ಚರಂಡಿಗೂ ಗಿಡಕ್ಕೂ ಸುರಿಯಬೇಡಿ. ಮುಚ್ಚಳ ಇರುವ ತಗಡಿನ ಡಬ್ಬಿಯಲ್ಲಿ ತುಂಬಿ, ಹೆಸರು ಬರೆದು, ಅಪಾಯಕಾರಿ ಕಸ ಅಂತಲೇ ಬೇರೆಯಾಗಿ ಕೊಡಿ.

ಹುಣಸೆಹಣ್ಣು, ನಿಂಬೆ ಉಪ್ಪು, ಪಾಲಿಶ್

ಬಣ್ಣ ಹೋದ ಮೇಲೆ ಕಾಣುವ ಲೋಹ ಮಂಕಾಗಿರುತ್ತದೆ. ನಮ್ಮ ಕೈ ತಾನಾಗಿಯೇ ಹುಣಸೆಹಣ್ಣು ಮತ್ತು ಉಪ್ಪಿನ ಕಡೆ ಹೋಗುತ್ತದೆ. ಹಂಡೆಗೆ ಅದು ಸರಿ, ಯಾಕೆಂದರೆ ಹಂಡೆಯನ್ನು ಪೂರ್ತಿ ತೊಳೆಯಬಹುದು. ರೇಡಿಯೇಟರ್‌ನ ಸಂದಿಯಲ್ಲಿ ಉಪ್ಪು ಉಳಿದರೆ ಸ್ವಲ್ಪ ದಿನದಲ್ಲೇ ಹಸಿರು ಕಿಲುಬು ಹಿಡಿಯುತ್ತದೆ. ಟ್ಯಾಂಕ್‌ನ ನಯವಾದ ಮೇಲ್ಮೈಗೆ ಬೇಕಾದರೆ ಉಪ್ಪಿಲ್ಲದೆ ಬರೀ ಹುಣಸೆಹಣ್ಣಿನಿಂದ ತಿಕ್ಕಿ.

ರೆಕ್ಕೆಗಳಿಗೆ ನಿಂಬೆ ಉಪ್ಪು ಒಳ್ಳೆಯದು. ಹೆಸರಲ್ಲಿ ಉಪ್ಪಿದ್ದರೂ ಅದು ಸಿಟ್ರಿಕ್ ಆಸಿಡ್. ಒಂದು ಲೀಟರ್ ನೀರಿಗೆ 10 ಗ್ರಾಂ, ಎರಡರಿಂದ ಮೂರು ನಿಮಿಷ, ಅಷ್ಟೇ. ಕಂದು ತಾಮ್ರ ಕಣ್ಣೆದುರೇ ಕೆಂಪಗಾಗುತ್ತದೆ. ಜಾಸ್ತಿ ಹೊತ್ತು ಬಿಟ್ಟರೆ ಹಿತ್ತಾಳೆಯ ಟ್ಯಾಂಕ್ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಹಿತ್ತಾಳೆಯ ಮೇಲ್ಪದರದ ಸತು ಕರಗಿ ತಾಮ್ರ ಉಳಿದಿದೆ ಅಂತ ಅರ್ಥ. ತೆಗೆದ ತಕ್ಷಣ ಒಂದು ಚಮಚ ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಅದ್ದಿ, ಆಮೇಲೆ ಎರಡು ಸಲ ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆಯಿರಿ. ಹೇರ್ ಡ್ರೈಯರ್‌ನ ತಣ್ಣನೆ ಗಾಳಿಯಲ್ಲಿ ಒಣಗಿಸಿ. ನೀರು ಹನಿಯಾಗಿ ನಿಂತಲ್ಲೆಲ್ಲ ಕಲೆ ಬೀಳುತ್ತದೆ.

ಟ್ಯಾಂಕ್‌ಗೆ ಕನ್ನಡಿಯಂಥ ಹೊಳಪು ಬೇಕಿದ್ದರೆ ಎಮೆರಿ ಪೇಪರ್ ಹಿಡಿಯಿರಿ. 400, 800, 1200, 2000 ಹೀಗೆ ಏರುತ್ತಾ ಹೋಗಿ. ಪ್ರತಿ ಸಲ ಹಿಂದಿನ ದಿಕ್ಕಿಗೆ ಅಡ್ಡವಾಗಿ ಉಜ್ಜಿ. ಹಿಂದಿನ ಗೆರೆಗಳು ಪೂರ್ತಿ ಮಾಯವಾದ ಮೇಲೆ ಮುಂದಿನ ಪೇಪರ್. ಸದಾ ನೀರು ಹಾಕಿಯೇ ಉಜ್ಜಿ. ಬೆಸುಗೆಯಲ್ಲಿ ಸೀಸ ಇರಬಹುದು, ಅದರ ಧೂಳು ಮೂಗಿಗೆ ಹೋಗಬಾರದು. ಬೆಸುಗೆಯ ಗೆರೆಗಳ ಮೇಲೆ ಒತ್ತಲೇಬೇಡಿ, ಅಲ್ಲಿ ತೆಳ್ಳಗಾದರೆ ಸೋರಿಕೆ ಶುರು. ನನಗೆ ಕನ್ನಡಿ ಹೊಳಪಿಗಿಂತ 800ರಲ್ಲಿ ನಿಲ್ಲಿಸಿ ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ಎಳೆದ ಮಂದ ಹೊಳಪೇ ಇಷ್ಟ. ಬೆರಳಚ್ಚು ಅಷ್ಟಾಗಿ ಕಾಣುವುದಿಲ್ಲ.

ಬ್ರಾಸೋದಂಥ ಪಾಲಿಶ್‌ನಲ್ಲಿ ಅಮೋನಿಯಾ ಇರುತ್ತದೆ. ಹಚ್ಚಿ, ಉಜ್ಜಿ, ಪೂರ್ತಿ ಒರೆಸಿ ತೆಗೆದರೆ ತೊಂದರೆ ಇಲ್ಲ, ಸಂದಿಗಳಲ್ಲಿ ಮಾತ್ರ ಉಳಿಸಬೇಡಿ. ಅಮೋನಿಯಾ ಹಿತ್ತಾಳೆಗೆ ಎಂಥ ಶತ್ರು ಅನ್ನುವುದು ಗೊತ್ತಾಗಿದ್ದೇ ನಮ್ಮ ದೇಶದಲ್ಲಿ. ಬ್ರಿಟಿಷ್ ಸೇನೆ ಮಳೆಗಾಲದಲ್ಲಿ ಹಿತ್ತಾಳೆಯ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ಅವು ತಾವಾಗಿಯೇ ಬಿರುಕು ಬಿಡುತ್ತಿದ್ದವು. ಕುದುರೆ ಮೂತ್ರದ ಅಮೋನಿಯಾ, ತೇವ, ಲೋಹದೊಳಗೆ ಉಳಿದ ಬಿಗಿತ ಮೂರೂ ಸೇರಿ ಹಾಗಾಗುತ್ತಿತ್ತು ಅನ್ನುವುದನ್ನು 1921ರಲ್ಲಿ ವಿವರಿಸಿದರು. ರೇಡಿಯೇಟರ್‌ನ ಟ್ಯಾಂಕ್ ಕೂಡ ತೋಟಾದ ಹಾಗೆಯೇ ತಗಡನ್ನು ಒತ್ತಿ ರೂಪ ಕೊಟ್ಟ ಹಿತ್ತಾಳೆ.

ಹೊಳಪು ಉಳಿಸುವುದು

ಹೊಳೆಸಿದ ತಾಮ್ರವನ್ನು ಬರಿಗೈಯಿಂದ ಮುಟ್ಟಬೇಡಿ. ಬೆವರಿನ ಬೆರಳಚ್ಚು ಒಂದೇ ವಾರದಲ್ಲಿ ಕಂದು ಗುರುತಾಗಿ ಕೂರುತ್ತದೆ. ಹತ್ತಿ ಗ್ಲೌಸ್ ಹಾಕಿಕೊಳ್ಳಿ.

ಟ್ಯಾಂಕ್‌ಗಳಿಗೆ ಎರಡು ದಾರಿ. ಅಸಿಟೋನ್‌ನಿಂದ ಒರೆಸಿ ಕ್ಲಿಯರ್ ಲ್ಯಾಕರ್ ಸ್ಪ್ರೇಯ ಎರಡು ತೆಳು ಪದರ ಹಾಕಬಹುದು. ಇದು ವರ್ಷಗಟ್ಟಲೆ ಹೊಳಪು ಕಾಯುತ್ತದೆ, ಆದರೆ ಗೀರು ಬಿದ್ದ ಕಡೆ ಒಳಗೇ ಕಪ್ಪಾಗುತ್ತದೆ, ಆಗ ಪೂರ್ತಿ ತೆಗೆದು ಮತ್ತೆ ಹಾಕಬೇಕು. ಇಲ್ಲವೇ ಕಾರಿಗೆ ಹಚ್ಚುವ ಕಾರ್ನೌಬಾ ಮೇಣ. ಕೆಲವು ತಿಂಗಳಿಗೊಮ್ಮೆ ಹಚ್ಚುತ್ತಿರಬೇಕು, ಆದರೆ ಸರಿಪಡಿಸುವುದು ಸುಲಭ. ನಾನು ಮೇಣವನ್ನೇ ಬಳಸುತ್ತೇನೆ. ಮಂಗಳೂರು, ಕಾರವಾರದ ಉಪ್ಪು ಗಾಳಿಯಲ್ಲಿರುವವರಿಗೆ ಲ್ಯಾಕರ್ ವಾಸಿ. ರೆಕ್ಕೆಗಳಿಗೆ ಎರಡೂ ಬೇಡ. ಅವು ಮೆಲ್ಲಗೆ ಕಂದು ಬಣ್ಣಕ್ಕೆ ತಿರುಗುತ್ತವೆ, ತಿರುಗಲಿ. ಬಣ್ಣ ಹೋದ ಉಕ್ಕಿನ ಚೌಕಟ್ಟಿಗೆ ಮಾತ್ರ ಅದೇ ದಿನ ಲ್ಯಾಕರ್ ಹಾಕಿ. ಮಳೆಗಾಲದಲ್ಲಿ ತುಕ್ಕು ಬರಲು ಒಂದು ರಾತ್ರಿ ಸಾಕು.

ಜೋಡಿಸುವ ಮುಂಚೆ

ಹೊಸ ಓ-ರಿಂಗ್ ಇರುವ ಪ್ಲಗ್ ಹಾಕಿ ಸೋರಿಕೆ ಪರೀಕ್ಷೆ ಮಾಡಿ. ಗೇಜ್ ಇರುವ ಲೀಕ್ ಟೆಸ್ಟರ್ ಪಂಪ್ ಇದ್ದರೆ 0.5 ಬಾರ್ ತನಕ ಗಾಳಿ ತುಂಬಿಸಿ ಅರ್ಧ ಗಂಟೆ ಬಿಡಿ. ಮುಳ್ಳು ಕದಲಬಾರದು. ಪಂಪ್ ಇಲ್ಲದಿದ್ದರೆ ಒಂದು ಪೋರ್ಟ್‌ಗೆ ಪೈಪ್ ಹಾಕಿ, ರೇಡಿಯೇಟರ್ ಅನ್ನು ನೀರಿನ ಟಬ್‌ನಲ್ಲಿ ಮುಳುಗಿಸಿ, ಬಾಯಿಯಿಂದ ಊದಿ. ಸೈಕಲ್ ಟ್ಯೂಬ್ ಪಂಕ್ಚರ್ ಹುಡುಕುವ ಹಾಗೆಯೇ. ರೆಕ್ಕೆಗಳಲ್ಲಿ ಸಿಕ್ಕ ಗಾಳಿಯ ಗುಳ್ಳೆ ಮೊದಲು ಬಂದು ನಿಂತುಬಿಡುತ್ತದೆ, ಸೋರುವ ಜಾಗದ್ದು ಬರುತ್ತಲೇ ಇರುತ್ತದೆ.

ಒಳಭಾಗವನ್ನು ಬಿಸಿನೀರಿನಿಂದ ಕುಲುಕಿ ತೊಳೆಯಿರಿ. ಬಿಳಿ ಬಟ್ಟೆಯ ಮೇಲೆ ಸುರಿದಾಗ ಚೂರು, ಬಣ್ಣ ಏನೂ ಕಾಣದ ತನಕ ಮಾಡಿ, ಕೊನೆಗೆ ಡಿಸ್ಟಿಲ್ಡ್ ವಾಟರ್.

ಫ್ಯಾನ್ ಕೂರಿಸುವಾಗ ಸ್ಕ್ರೂ ಉದ್ದ ನೋಡಿಕೊಳ್ಳಿ. ಎಷ್ಟೋ ರೇಡಿಯೇಟರ್‌ಗಳಲ್ಲಿ ಸ್ಕ್ರೂ ತೂತಿನ ನೇರ ಹಿಂದೆಯೇ ನೀರಿನ ಕೊಳವೆ ಇರುತ್ತದೆ. 25 ಮಿಲಿಮೀಟರ್ ದಪ್ಪದ ಫ್ಯಾನ್‌ಗೆ 30 ಮಿಲಿಮೀಟರ್ ಸ್ಕ್ರೂ ಮಾಮೂಲಿ. ಅದಕ್ಕಿಂತ ಉದ್ದದ್ದು ಹಾಕಿ ತಿರುಗಿಸಿದರೆ ಕೊಳವೆ ತೂತಾಗುತ್ತದೆ. ಎಲ್ಲ ಸೇರಿಸಿದ ಮೇಲೆ ಕಂಪ್ಯೂಟರ್‌ಗೆ ಕರೆಂಟ್ ಕೊಡದೆ ಪಂಪ್ ಒಂದನ್ನೇ ಓಡಿಸಿ. ಬೆಸುಗೆಯ ಪ್ರತಿ ಗೆರೆಯ ಕೆಳಗೆ ಟಿಶ್ಯೂ ಕಾಗದ ಇಟ್ಟು 24 ಗಂಟೆ ಬಿಡಿ. ಮಾರನೇ ದಿನ ಎಲ್ಲ ಟಿಶ್ಯೂ ಒಣಗಿಯೇ ಇದ್ದರೆ ಕಂಪ್ಯೂಟರ್ ಆನ್ ಮಾಡಬಹುದು.